ಲಿಫ್ಟ್ ಪಂಪ್ ಉನ್ನತೀಕರಣ: ಹಳೆಯ ಡೀಸೆಲ್ ಟ್ರಕ್‌ಗಳಲ್ಲಿ

ಡೀಸೆಲ್ ವಾಹನದ ಟ್ಯಾಂಕಿನಿಂದ ಇಂಧನವನ್ನು ಎಳೆದು, ಫಿಲ್ಟರ್ ದಾಟಿಸಿ, ಇಂಜೆಕ್ಷನ್ ಪಂಪಿನ ಬಾಯಿಗೆ ಒದಗಿಸುವ ಕಡಿಮೆ ಒತ್ತಡದ ಪಂಪೇ ಲಿಫ್ಟ್ ಪಂಪ್. ಅದನ್ನು ಅದರ ಕೊಳವೆ, ಫಿಲ್ಟರ್ ಮತ್ತು ವಿದ್ಯುತ್ ಜೋಡಣೆಗಳ ಸಮೇತ ಬದಲಿಸಿ, ತಯಾರಕರು ಕೊಟ್ಟದ್ದಕ್ಕಿಂತ ಹೆಚ್ಚಿನ ಹರಿವು ಮತ್ತು ಸ್ಥಿರವಾದ ಒತ್ತಡ ಸಿಗುವಂತೆ ಮಾಡುವ ಕೆಲಸಕ್ಕೆ ಲಿಫ್ಟ್ ಪಂಪ್ ಉನ್ನತೀಕರಣ ಎನ್ನುತ್ತಾರೆ. ಉತ್ತರ ಅಮೆರಿಕದಲ್ಲಿ 1990ರ ದಶಕದಿಂದ 2000ದ ದಶಕದ ಮಧ್ಯದವರೆಗೆ ತಯಾರಾದ ಡೀಸೆಲ್ ಪಿಕಪ್ ಟ್ರಕ್‌ಗಳಲ್ಲಿ ಇದು ಹೆಚ್ಚು ರೂಢಿಯಲ್ಲಿದೆ. ಅವುಗಳಲ್ಲೂ 5.9 ಲೀಟರಿನ 24 ವಾಲ್ವ್ ಕಮಿನ್ಸ್ ಎಂಜಿನ್ ಇರುವ ಡಾಡ್ಜ್ ರಾಮ್ ಟ್ರಕ್‌ಗಳು ಮೊದಲು ನೆನಪಿಗೆ ಬರುತ್ತವೆ. ಬೆಲೆಯಲ್ಲಿ ಲಿಫ್ಟ್ ಪಂಪ್ ಇಂಜೆಕ್ಷನ್ ಪಂಪಿಗಿಂತ ಎಷ್ಟೋ ಅಗ್ಗ. ಆದರೆ ಆ ದುಬಾರಿ ಪಂಪಿನ ಆಯುಷ್ಯ ಅನೇಕ ಎಂಜಿನ್‌ಗಳಲ್ಲಿ ಇದನ್ನೇ ಅವಲಂಬಿಸಿದೆ.

ಈ ಲೇಖನದಲ್ಲಿ ‘ಲಿಫ್ಟ್ ಪಂಪ್’ ಎಂಬುದು ಯಾಂತ್ರಿಕವಾಗಲಿ ವಿದ್ಯುತ್ತಿನದಾಗಲಿ ಈ ಕೆಲಸ ಮಾಡುವ ಎಲ್ಲ ಪಂಪುಗಳಿಗೂ ಅನ್ವಯಿಸುತ್ತದೆ. ಇನ್‌ಲೈನ್ ಇಂಜೆಕ್ಷನ್ ಪಂಪಿನ ಮೈಗೇ ಕೂಡಿಸಿದ ಯಾಂತ್ರಿಕ ಲಿಫ್ಟ್ ಪಂಪಿಗೆ ಭಾರತದ ಗ್ಯಾರೇಜುಗಳಲ್ಲಿರುವ ‘ಫೀಡ್ ಪಂಪ್’ ಎಂಬ ಹೆಸರನ್ನು ಉಳಿಸಿಕೊಂಡಿದೆ. ‘ಪೂರೈಕೆ ಒತ್ತಡ’ ಎಂದರೆ ಫಿಲ್ಟರ್ ದಾಟಿದ ಮೇಲೆ, ಇಂಜೆಕ್ಷನ್ ಪಂಪಿನ ಒಳದ್ವಾರದಲ್ಲಿ ಅಳೆದ ಒತ್ತಡ. ಅಮೆರಿಕದ ಗೇಜುಗಳು ಪಿಎಸ್‌ಐ ಮಾನದಲ್ಲಿರುವುದರಿಂದ ಅದನ್ನೇ ಕೊಟ್ಟು ಬಾರ್ ಮಾನವನ್ನು ಜೊತೆಗೆ ಸೂಚಿಸಿದೆ. 1 ಬಾರ್ ಸುಮಾರು 14.5 ಪಿಎಸ್‌ಐಗೆ ಸಮ.

ಹಿನ್ನೆಲೆ

ರುಡಾಲ್ಫ್ ಡೀಸೆಲ್ ರೂಪಿಸಿದ ಎಂಜಿನ್‌ಗಳಲ್ಲಿ ಇಂಧನವನ್ನು ಸಿಲಿಂಡರಿನೊಳಕ್ಕೆ ಊದುತ್ತಿದ್ದುದು ಹೆಚ್ಚಿನ ಒತ್ತಡದ ಗಾಳಿ. ಆ ಗಾಳಿಗೆ ಬೇಕಾದ ಕಂಪ್ರೆಸರಿನ ಗಾತ್ರದಿಂದಾಗಿ ಡೀಸೆಲ್ ಎಂಜಿನ್ ಬಹುಕಾಲ ಕಾರ್ಖಾನೆ ಮತ್ತು ಹಡಗುಗಳಲ್ಲೇ ಉಳಿಯಿತು. ಜರ್ಮನಿಯ ಬಾಷ್ ಕಂಪನಿ 1927ರಲ್ಲಿ ಇನ್‌ಲೈನ್ ಇಂಜೆಕ್ಷನ್ ಪಂಪುಗಳನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸತೊಡಗಿದ ಮೇಲೆ ಟ್ರಕ್‌ಗಳಿಗೆ ಡೀಸೆಲ್ ಎಂಜಿನ್ ಕೂಡಿಸುವುದು ಸುಲಭವಾಯಿತು. ಟ್ರಕ್ಕಿನ ಟ್ಯಾಂಕ್ ಚಾಸಿಯ ಪಕ್ಕದಲ್ಲಿ, ಎಂಜಿನ್ನಿಗಿಂತ ತಗ್ಗಿನಲ್ಲಿ ಇರುತ್ತದೆ. ಡೀಸೆಲ್ ತಾನಾಗಿ ಮೇಲೇರಿ ಬರುವುದಿಲ್ಲವಾದ್ದರಿಂದ ಅದನ್ನು ಎತ್ತಿ ಕೊಡುವ ಸಣ್ಣ ಪಂಪ್ ಅನಿವಾರ್ಯವಾಯಿತು.

ದಶಕಗಳ ಕಾಲ ಈ ಪಂಪಿನ ಬಗ್ಗೆ ಯಾರೂ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾಗಿರಲಿಲ್ಲ. ಇನ್‌ಲೈನ್ ಪಂಪಿನ ಕ್ಯಾಮ್ ಭಾಗಕ್ಕೆ ಎಂಜಿನ್ ಆಯಿಲೇ ಜಾರುಗುಣ ಕೊಡುತ್ತಿದ್ದುದರಿಂದ ಡೀಸೆಲ್ ಪೂರೈಕೆ ತುಸು ಕುಗ್ಗಿದರೆ ಗಾಡಿ ಎಳೆಯುವುದು ಕಡಿಮೆಯಾಗುತ್ತಿತ್ತೇ ಹೊರತು ಪಂಪ್ ಬೇಗ ಹಾಳಾಗುತ್ತಿರಲಿಲ್ಲ. ಹೊಗೆಯ ಮೇಲಿನ ಕಟ್ಟುಪಾಡು ಬಿಗಿಯಾದಂತೆ ವಿದ್ಯುನ್ಮಾನ ನಿಯಂತ್ರಣದ ರೋಟರಿ ಪಂಪುಗಳೂ ಮುಂದೆ, ‘ರೈಲ್’ ಎಂಬ ಒಂದೇ ಅಧಿಕ ಒತ್ತಡದ ಕೊಳವೆಯಿಂದ ಎಲ್ಲ ಇಂಜೆಕ್ಟರುಗಳಿಗೂ ಡೀಸೆಲ್ ಹಂಚುವ ಕಾಮನ್ ರೈಲ್ ವ್ಯವಸ್ಥೆಯ ಪಂಪುಗಳೂ ಬಂದವು. ಇವುಗಳಲ್ಲಿ ಒಳಗಿನ ಬಿಡಿಭಾಗಗಳಿಗೆ ಜಾರುಗುಣ ಕೊಡುವುದೂ ಅವನ್ನು ತಣ್ಣಗಿಡುವುದೂ ಡೀಸೆಲ್ಲೇ. ಸಾಗಿ ಬರುವ ಡೀಸೆಲ್ ಕಡಿಮೆಯಾದರೆ ಇಲ್ಲಿ ಶಕ್ತಿಯ ಜೊತೆಗೆ ಪಂಪೂ ಹೋಗುತ್ತದೆ.

ರಚನೆ ಮತ್ತು ಕಾರ್ಯವಿಧಾನ

ಇಂಧನದ ಹಾದಿಯಲ್ಲಿ ಎರಡು ಪಾಲುಗಳಿವೆ. ಟ್ಯಾಂಕಿನೊಳಗಿನ ಹೀರುಕೊಳವೆಯಿಂದ ಲಿಫ್ಟ್ ಪಂಪಿನವರೆಗಿನದು ಎಳೆತದ ಪಾಲು. ಇಲ್ಲಿ ಒತ್ತಡ ವಾತಾವರಣದ ಒತ್ತಡಕ್ಕಿಂತ ಕಡಿಮೆ. ಲಿಫ್ಟ್ ಪಂಪಿನಿಂದ ಇಂಜೆಕ್ಷನ್ ಪಂಪಿನವರೆಗಿನದು ತಳ್ಳುವ ಪಾಲು. ಈ ಎರಡರ ವರ್ತನೆ ಒಂದಕ್ಕೊಂದು ವಿರುದ್ಧ. ತಳ್ಳುವ ಕಡೆ ಜೋಡಣೆ ಸಡಿಲವಾದರೆ ಡೀಸೆಲ್ ಹೊರಗೆ ಸೋರಿ ನೆಲದ ಮೇಲೆ ಕಾಣುತ್ತದೆ. ಎಳೆತದ ಕಡೆ ಸಡಿಲವಾದರೆ ಹೊರಗೆ ಒಂದು ಹನಿಯೂ ಕಾಣದೆ ಗಾಳಿ ಒಳಗೆ ಸೇರುತ್ತದೆ. ಇದನ್ನೇ ಗ್ಯಾರೇಜಿನಲ್ಲಿ ‘ಏರ್ ಎಳೀತಿದೆ’ ಎನ್ನುತ್ತಾರೆ.

ಎಳೆತಕ್ಕೆ ಒಂದು ಮಿತಿಯಿದೆ. ಪಂಪ್ ತಾನಾಗಿ ದ್ರವವನ್ನು ಸೆಳೆಯಲಾರದು. ಅದು ತನ್ನ ಬಾಯಲ್ಲಿ ಒತ್ತಡ ಇಳಿಸುತ್ತದೆ, ಟ್ಯಾಂಕಿನ ಮೇಲಿರುವ ವಾತಾವರಣ ಡೀಸೆಲನ್ನು ತಳ್ಳಿ ಕಳಿಸುತ್ತದೆ. ಹೀಗೆ ಸಿಗುವ ಒತ್ತಡದ ವ್ಯತ್ಯಾಸ ಎಂಥ ಸಂದರ್ಭದಲ್ಲೂ ಸುಮಾರು 1 ಬಾರ್ ಮೀರುವುದಿಲ್ಲ. ಆ ಮಿತಿಗೆ ಬರುವ ಎಷ್ಟೋ ಮೊದಲೇ ಡೀಸೆಲ್ಲಿನಲ್ಲಿ ಕರಗಿರುವ ಗಾಳಿ ಗುಳ್ಳೆಗಳಾಗಿ ಬಿಡುಗಡೆಯಾಗುತ್ತದೆ, ಬಿಸಿ ಇಂಧನದಲ್ಲಿ ಆವಿಯ ಗುಳ್ಳೆಗಳೂ ಹುಟ್ಟುತ್ತವೆ. ಈ ಆವಿಗುಳ್ಳೆಗಳು ಒತ್ತಡದ ಕಡೆಗೆ ಬಂದು ಕುಸಿಯುವಾಗ ಲೋಹದ ಮೇಲ್ಮೈಯನ್ನು ತಿನ್ನುತ್ತವೆ. ಪಂಪ್ ಟ್ಯಾಂಕಿಗೆ ಹತ್ತಿರವಾಗಿ ಕೆಳಗಿರಬೇಕು, ಎಳೆತದ ಕೊಳವೆ ಅಗಲವಾಗಿರಬೇಕು ಎಂಬ ನಿಯಮದ ಆಧಾರ ಇಷ್ಟೇ.

ಕೊಳವೆಯ ಅಗಲದ ಪರಿಣಾಮವನ್ನು ಅನೇಕರು ಕಡಿಮೆ ಅಂದಾಜು ಮಾಡುತ್ತಾರೆ. ಒಳವ್ಯಾಸ ಅರ್ಧವಾದರೆ ಅದೇ ಹರಿವಿಗೆ ಆಗುವ ಒತ್ತಡದ ನಷ್ಟ ಕನಿಷ್ಠ 16 ಪಟ್ಟು ಏರುತ್ತದೆ. ಗಂಟೆಗೆ 360 ಲೀಟರ್ ಹರಿವನ್ನು 6 ಮಿಲಿಮೀಟರ್ ಒಳವ್ಯಾಸದ ದಾರಿಯಲ್ಲಿ ನುಗ್ಗಿಸಿದರೆ ವೇಗ ಸೆಕೆಂಡಿಗೆ ಮೂರೂವರೆ ಮೀಟರ್. ಅದೇ ಹರಿವು ಅರ್ಧ ಇಂಚಿನ ಕೊಳವೆಯಲ್ಲಿ ಸೆಕೆಂಡಿಗೆ 0.8 ಮೀಟರ್ ವೇಗದಲ್ಲಿ ನೆಮ್ಮದಿಯಾಗಿ ಸಾಗುತ್ತದೆ.

ಎಂಜಿನ್ ಸುಡುವುದಕ್ಕಿಂತ ಎಷ್ಟೋ ಹೆಚ್ಚು ಡೀಸೆಲನ್ನು ಲಿಫ್ಟ್ ಪಂಪ್ ಸಾಗಿಸಬೇಕು. 245 ಅಶ್ವಶಕ್ತಿಯ ಎಂಜಿನ್ ಪೂರ್ತಿ ಭಾರದಲ್ಲಿ ಗಂಟೆಗೆ ಸುಡುವುದು 45ರಿಂದ 50 ಲೀಟರ್ ಮಾತ್ರ. ಮಾರುಕಟ್ಟೆಯ ಬದಲಿ ಪಂಪುಗಳ ಸಾಮರ್ಥ್ಯ ಗಂಟೆಗೆ 95–100 ಅಮೆರಿಕನ್ ಗ್ಯಾಲನ್, ಅಂದರೆ 360–380 ಲೀಟರಿನಿಂದ ಶುರುವಾಗುತ್ತದೆ. ಮಿಕ್ಕದ್ದರಲ್ಲಿ ಒಂದು ಪಾಲು ಇಂಜೆಕ್ಷನ್ ಪಂಪಿನ ಬಿಸಿಯನ್ನು ಹೊತ್ತು ಟ್ಯಾಂಕಿಗೆ ಮರಳುತ್ತದೆ, ಇನ್ನೊಂದು ಪಾಲು ಒತ್ತಡ ನಿಯಂತ್ರಕದಿಂದಲೇ ಹಿಂದಿರುಗುತ್ತದೆ.

ಬಗೆಗಳು

ಯಾಂತ್ರಿಕ ಲಿಫ್ಟ್ ಪಂಪುಗಳಲ್ಲಿ ಡಯಾಫ್ರಂ ಮತ್ತು ಪ್ಲಂಜರ್ ಎಂಬ ಎರಡು ಬಗೆಗಳು ಮುಖ್ಯ. ಡಯಾಫ್ರಂ ಪಂಪಿನಲ್ಲಿ ಕ್ಯಾಮ್‌ಶಾಫ್ಟ್ ಒಂದು ತೋಳನ್ನು ಅಲುಗಿಸಿ ರಬ್ಬರಿನ ಪರದೆಯನ್ನು ಮೇಲೆ ಕೆಳಗೆ ಎಳೆಯುತ್ತದೆ. ಒತ್ತಡ ಕೆಲವೇ ಪಿಎಸ್‌ಐ. ಪರದೆ ಹರಿದರೆ ಡೀಸೆಲ್ ಎಂಜಿನ್ ಆಯಿಲಿಗೆ ಬೆರೆಯುವ ಅಪಾಯವಿದೆ.

ಪ್ಲಂಜರ್ ಬಗೆಯ ಫೀಡ್ ಪಂಪಿನ ಕೆಲಸ ಹೆಚ್ಚು ಜಾಣತನದ್ದು. ಇಂಜೆಕ್ಷನ್ ಪಂಪಿನ ಕ್ಯಾಮ್‌ಶಾಫ್ಟಿನ ಮೇಲಿರುವ ಎಕ್ಸೆಂಟ್ರಿಕ್ ಪ್ಲಂಜರನ್ನು ಸ್ಪ್ರಿಂಗಿಗೆ ಎದುರಾಗಿ ಒತ್ತುವಾಗ ಡೀಸೆಲ್ ಒಂದು ಕೋಣೆಯಿಂದ ಇನ್ನೊಂದಕ್ಕೆ ಸರಿಯುತ್ತದೆ. ಸ್ಪ್ರಿಂಗ್ ಪ್ಲಂಜರನ್ನು ಹಿಂದಕ್ಕೆ ತಳ್ಳುವಾಗ ಆ ಡೀಸೆಲ್ ಫಿಲ್ಟರಿನ ಕಡೆ ಹೊರಡುತ್ತದೆ, ಜೊತೆಗೇ ಟ್ಯಾಂಕಿನಿಂದ ಹೊಸದು ಒಳಬರುತ್ತದೆ. ಹೀಗೆ ಡೀಸೆಲನ್ನು ತಳ್ಳುವುದು ಸ್ಪ್ರಿಂಗ್, ಕ್ಯಾಮ್ ಅಲ್ಲ. ಎದುರಿನ ಒತ್ತಡ ಸ್ಪ್ರಿಂಗಿನ ಬಲಕ್ಕೆ ಸಮನಾದರೆ ಪ್ಲಂಜರ್ ಅರ್ಧದಲ್ಲೇ ನಿಂತು ತನ್ನ ಓಟವನ್ನು ಮೊಟಕುಗೊಳಿಸುತ್ತದೆ. ಬೇರೆ ನಿಯಂತ್ರಕವಿಲ್ಲದೆಯೇ ಒತ್ತಡ ತಾನಾಗಿ ಮಿತಿಯಲ್ಲಿರುತ್ತದೆ. ಸ್ಪ್ರಿಂಗ್ ಹಳತಾಗಿ ಸೊರಗಿದಾಗ ಒತ್ತಡ ಇಳಿಯುವುದೂ ಇದೇ ಕಾರಣಕ್ಕೆ.

ವಿದ್ಯುತ್ ಪಂಪುಗಳಲ್ಲಿ ವೇನ್, ರೋಲರ್, ಒಂದರೊಳಗೊಂದು ಸುತ್ತುವ ಹಲ್ಲುಚಕ್ರಗಳ ಜೆರೋಟರ್ ಮತ್ತು ಟ್ಯಾಂಕಿನೊಳಗೆ ಮುಳುಗಿರುವ ಟರ್ಬೈನ್ ಬಗೆಗಳಿವೆ. ಉನ್ನತೀಕರಣದ ಕಿಟ್‌ಗಳಲ್ಲಿ ಹೆಚ್ಚು ಬಳಕೆಯಾಗುವುದು ಜೆರೋಟರ್ ಬಗೆ. ಹರಿವಿನಲ್ಲಿ ಏರಿಳಿತ ಕಡಿಮೆ, ಬಾಳಿಕೆಯೂ ಚೆನ್ನು.

24 ವಾಲ್ವ್ ಕಮಿನ್ಸ್ ಪ್ರಕರಣ

ಡಾಡ್ಜ್ ಪಿಕಪ್ ಟ್ರಕ್ಕಿಗೆ ಕಮಿನ್ಸ್ ಬಿ ಸರಣಿಯ 5.9 ಲೀಟರ್ ಆರು ಸಿಲಿಂಡರ್ ಎಂಜಿನ್ ಬಂದದ್ದು 1989ರ ಮಾದರಿಯಿಂದ. 1993ರವರೆಗೆ ಅದರಲ್ಲಿ ಬಾಷ್ ವಿಇ ರೋಟರಿ ಪಂಪೂ ಡಯಾಫ್ರಂ ಲಿಫ್ಟ್ ಪಂಪೂ ಇದ್ದವು. 1994ರಿಂದ 1998ರ ಮಾದರಿ ವರ್ಷದ ಮಧ್ಯದವರೆಗಿನ 12 ವಾಲ್ವ್ ಎಂಜಿನ್ನಿನಲ್ಲಿ ಪಿ7100 ಇನ್‌ಲೈನ್ ಪಂಪ್ ಮತ್ತು ಕ್ಯಾಮ್‌ಶಾಫ್ಟಿನಿಂದ ನಡೆಯುವ ಪ್ಲಂಜರ್ ಲಿಫ್ಟ್ ಪಂಪ್ ಇದ್ದವು. ಈ ಜೋಡಿ ಗಟ್ಟಿಮುಟ್ಟಾದದ್ದೆಂದು ಹೆಸರಾಗಿದೆ. ಇಲ್ಲಿ ಉನ್ನತೀಕರಣ ಬೇಕಾಗುವುದು ಶಕ್ತಿಯನ್ನು ಬಹಳ ಏರಿಸಿಕೊಂಡವರಿಗೆ ಮಾತ್ರ.

1998ರ ಮಾದರಿ ವರ್ಷದ ಮಧ್ಯದಲ್ಲಿ ಬಂದ 24 ವಾಲ್ವ್ ಐಎಸ್‌ಬಿ ಎಂಜಿನ್ನಿನೊಂದಿಗೆ ಚಿತ್ರ ಬದಲಾಯಿತು. 2002ರವರೆಗಿನ ಈ ಟ್ರಕ್‌ಗಳಲ್ಲಿ ಬಾಷ್ ವಿಪಿ44 ಎಂಬ ವಿದ್ಯುನ್ಮಾನ ರೋಟರಿ ಪಂಪ್ ಇದೆ. ಅದೇ ಪಂಪ್ ಯುರೋಪಿನಲ್ಲಿ ಬಿಎಂಡಬ್ಲ್ಯು, ಆಡಿ, ಓಪೆಲ್ ಕಾರುಗಳಲ್ಲೂ ಬಳಕೆಯಾಯಿತು. ಅದರ ನೆತ್ತಿಯ ಮೇಲೆಯೇ ನಿಯಂತ್ರಣದ ವಿದ್ಯುನ್ಮಾನ ಪೆಟ್ಟಿಗೆ ಕೂತಿದೆ. ಪಂಪಿನ ಚಲಿಸುವ ಭಾಗಗಳಿಗೂ ಈ ಪೆಟ್ಟಿಗೆಗೂ ತಂಪು ಸಿಗುವುದು ಹಾದುಹೋಗುವ ಡೀಸೆಲ್ಲಿನಿಂದ. ಹೆಚ್ಚುವರಿ ಡೀಸೆಲ್ ಟ್ಯಾಂಕಿಗೆ ಮರಳುವ ದಾರಿಯಲ್ಲಿರುವ ಓವರ್‌ಫ್ಲೋ ವಾಲ್ವ್ ಸುಮಾರು 14 ಪಿಎಸ್‌ಐ, ಅಂದರೆ 1 ಬಾರಿನ ಆಸುಪಾಸಿನಲ್ಲಿ ತೆರೆಯುತ್ತದೆ. ಪೂರೈಕೆ ಒತ್ತಡ ಅದಕ್ಕಿಂತ ಬಹಳ ಕೆಳಗಿಳಿದರೆ ತಂಪುಗೊಳಿಸುವ ಹರಿವು ಕುಗ್ಗುತ್ತದೆ.

ಇಂಥ ಪಂಪಿಗೆ ಡೀಸೆಲ್ ಒದಗಿಸಲು ಇಟ್ಟದ್ದು ಎಂಜಿನ್ ಬ್ಲಾಕಿನ ಪಕ್ಕಕ್ಕೆ ಬಿಗಿದ ಸಣ್ಣ ವಿದ್ಯುತ್ ಲಿಫ್ಟ್ ಪಂಪ್. ಅದರ ಜಾಗವೇ ಮೂಲದೋಷ. ಟ್ಯಾಂಕಿನಿಂದ ದೂರ, ಎತ್ತರ, ಎಂಜಿನ್ನಿನ ಕಂಪನ ಮತ್ತು ಕಾವು ಎಲ್ಲವೂ ಒಟ್ಟಿಗೆ ಅದರ ಪಾಲಿಗೆ ಬಂದವು. ತಳ್ಳುವುದರಲ್ಲಿ ಸಮರ್ಥವಾದ ಪಂಪಿಗೆ ಉದ್ದದ ಕೊಳವೆಯಲ್ಲಿ ಎಳೆಯುವ ಕೆಲಸ ಬಿತ್ತು. ದಾರಿಯಲ್ಲಿರುವ ಬ್ಯಾಂಜೋ ಬೋಲ್ಟ್‌ಗಳ, ಅಂದರೆ ಡೀಸೆಲ್ ಹಾಯುವ ಟೊಳ್ಳು ಬೋಲ್ಟ್‌ಗಳ, ಕಿರಿದಾದ ರಂಧ್ರಗಳು ಹರಿವನ್ನು ಇನ್ನಷ್ಟು ಹಿಡಿದವು.

ಸೋಲು ಕಣ್ಣಿಗೆ ಬೀಳದಿರುವುದು ಈ ವಿನ್ಯಾಸದ ದೊಡ್ಡ ಅಪಾಯ. ಕಾರ್ಖಾನೆಯಿಂದ ಬಂದ ಟ್ರಕ್ಕಿನಲ್ಲಿ ಪೂರೈಕೆ ಒತ್ತಡದ ಗೇಜೂ ಇಲ್ಲ, ಎಚ್ಚರಿಕೆಯ ದೀಪವೂ ಇಲ್ಲ. ವಿಪಿ44ರ ಒಳಗೆ ತನ್ನದೇ ಒಂದು ವೇನ್ ಪಂಪ್ ಇರುವುದರಿಂದ ಲಿಫ್ಟ್ ಪಂಪ್ ಪೂರ್ತಿ ಸತ್ತರೂ ಎಂಜಿನ್ ನಡೆಯುತ್ತಲೇ ಇರುತ್ತದೆ. ಚಾಲಕ ಏನೂ ತಿಳಿಯದೆ ನೂರಾರು ಮೈಲಿ ಓಡಿಸುತ್ತಾನೆ. ಆ ಹೊತ್ತಿಗೆ ಒಳಗಿನ ಟೈಮಿಂಗ್ ಪಿಸ್ಟನ್ ಸವೆದಿರುತ್ತದೆ, ಇಲ್ಲವೇ ರೋಟರ್ ಕಚ್ಚಿಕೊಂಡಿರುತ್ತದೆ. ಟೈಮಿಂಗ್ ನಿಯಂತ್ರಣ ತಪ್ಪಿದೆ ಎಂದು ಸೂಚಿಸುವ ಪಿ0216 ದೋಷಸಂಕೇತ ದಾಖಲಾದರೆ ಸಾಮಾನ್ಯವಾಗಿ ಇಂಜೆಕ್ಷನ್ ಪಂಪನ್ನೇ ಬದಲಿಸಬೇಕಾಗುತ್ತದೆ. ರಿಪೇರಿ ಮಾಡಿದ ವಿಪಿ44 ಪಂಪಿನ ಬೆಲೆ ಸಾವಿರ ಡಾಲರಿಗೂ ಮೇಲೆ. ಕಾರಣವಾದ ಲಿಫ್ಟ್ ಪಂಪನ್ನು ಹಾಗೇ ಬಿಟ್ಟು ಹೊಸ ವಿಪಿ44 ಕೂಡಿಸಿದರೆ ಅದಕ್ಕೂ ಅದೇ ಗತಿ.

ತಯಾರಕರು ಮುಂದೆ ಈ ಟ್ರಕ್‌ಗಳಿಗೆ ಟ್ಯಾಂಕಿನೊಳಗೆ ಇಡುವ ಪಂಪಿನ ಕಿಟ್ ಒದಗಿಸಿದರು. ಅದರಿಂದ ಎಳೆತದ ತೊಂದರೆ ತಪ್ಪಿದರೂ ಹೆಚ್ಚಿನ ಒತ್ತಡ ಬಯಸುವವರಿಗೆ ಅದು ಸಾಲಲಿಲ್ಲ. ಚಾಸಿಯ ತೊಲೆಗೆ ಬಿಗಿಯುವ, ಟ್ಯಾಂಕಿನ ಪಕ್ಕದಲ್ಲೇ ಕೂರುವ ಜೆರೋಟರ್ ಪಂಪುಗಳ ಮಾರುಕಟ್ಟೆ ಬೆಳೆದದ್ದು ಈ ಕೊರತೆಯಿಂದ. ಫಾಸ್ ಮತ್ತು ಏರ್‌ಡಾಗ್ ಅದರಲ್ಲಿ ಹೆಚ್ಚು ಪರಿಚಿತ ಹೆಸರುಗಳು.

ಇತರ ಅಮೆರಿಕನ್ ಟ್ರಕ್‌ಗಳು

ಪೂರೈಕೆ ಒತ್ತಡದ ಸರಿಯಾದ ಅಂಕಿ ಎಂಜಿನ್ನಿನಿಂದ ಎಂಜಿನ್ನಿಗೆ ಬೇರೆ. ಒಂದರ ಪಂಪನ್ನು ಇನ್ನೊಂದಕ್ಕೆ ಹಾಗೇ ಕೂಡಿಸುವಂತಿಲ್ಲ. ವಿಪಿ44ಕ್ಕೆ ಸರ್ವಿಸ್ ಪುಸ್ತಕ ಹೇಳುವ ಕನಿಷ್ಠ 10 ಪಿಎಸ್‌ಐ. ಉನ್ನತೀಕರಣ ಮಾಡುವವರು ಓವರ್‌ಫ್ಲೋ ವಾಲ್ವ್ ತೆರೆದೇ ಇರಲೆಂದು 15ರ ಆಸುಪಾಸಿನಲ್ಲಿ ಇಟ್ಟು, 20 ಮೀರದಂತೆ ನೋಡಿಕೊಳ್ಳುತ್ತಾರೆ. ಫೋರ್ಡಿನ 7.3 ಲೀಟರ್ ಪವರ್ ಸ್ಟ್ರೋಕ್ ಎಂಜಿನ್ನಿನಲ್ಲಿ ಇಂಜೆಕ್ಟರುಗಳು ಎಂಜಿನ್ ಆಯಿಲಿನ ಬಲದಿಂದ ನಡೆಯುತ್ತವೆ, ಡೀಸೆಲ್ ಪೂರೈಕೆ 50 ಪಿಎಸ್‌ಐ ಮಟ್ಟದಲ್ಲಿರಬೇಕು. ಅದರ 1994–97ರ ಮಾದರಿಗಳಲ್ಲಿ ಎಂಜಿನ್ನಿನ ಮೇಲಿನ ಕಣಿವೆಯಂಥ ಜಾಗದಲ್ಲಿ ಎರಡು ಹಂತದ ಯಾಂತ್ರಿಕ ಪಂಪಿತ್ತು. 1999ರಿಂದ ಚಾಸಿಯ ಮೇಲೆ ವಿದ್ಯುತ್ ಪಂಪ್ ಬಂತು. ನಂತರದ 6.0 ಲೀಟರ್ ಎಂಜಿನ್ನಿನಲ್ಲಿ ಒತ್ತಡ 45 ಪಿಎಸ್‌ಐಗಿಂತ ಇಳಿದರೆ ಇಂಜೆಕ್ಟರುಗಳು ಕೆಡುತ್ತವೆ. ಅಲ್ಲಿ ಪಂಪನ್ನು ಮುಟ್ಟದೆ ನಿಯಂತ್ರಕದ ಸ್ಪ್ರಿಂಗ್ ಮಾತ್ರ ಬದಲಿಸಿ ಒತ್ತಡ ಏರಿಸುವ ಅಗ್ಗದ ಉಪಾಯವೂ ಬಳಕೆಯಲ್ಲಿದೆ.

ಜನರಲ್ ಮೋಟಾರ್ಸಿನ 6.5 ಲೀಟರ್ ಎಂಜಿನ್ನಿನಲ್ಲಿ ಲಿಫ್ಟ್ ಪಂಪಿಗೆ ವಿದ್ಯುತ್ತು ಆಯಿಲ್ ಒತ್ತಡದ ಸ್ವಿಚ್ಚಿನ ಮೂಲಕ ಹೋಗುತ್ತದೆ. ಆ ಸ್ವಿಚ್ಚಿನ ಸಂಪರ್ಕಬಿಂದುಗಳು ಸುಟ್ಟು ಪಂಪ್ ನಿಂತುಹೋಗುವುದು ಅದರ ಹಳೆಯ ಕಾಯಿಲೆ. ಪಂಪ್ ಬದಲಿಸುವ ಮೊದಲು ರಿಲೇ ಕೂಡಿಸಿ ಸ್ವಿಚ್ಚಿನ ಹೊರೆ ಇಳಿಸುವುದೇ ಅಲ್ಲಿ ಸರಿಯಾದ ಮೊದಲ ಹೆಜ್ಜೆ. 2001ರಲ್ಲಿ ಬಂದ ಡ್ಯುರಾಮ್ಯಾಕ್ಸ್ ಎಂಜಿನ್ನಿಗೆ ಲಿಫ್ಟ್ ಪಂಪನ್ನೇ ಕೊಡಲಿಲ್ಲ. ಅದರ ಸಿಪಿ3 ಕಾಮನ್ ರೈಲ್ ಪಂಪಿಗೆ ಅಂಟಿದ ಗೇರ್ ಪಂಪೇ ಟ್ಯಾಂಕಿನಿಂದ ಫಿಲ್ಟರ್ ಮೂಲಕ ಡೀಸೆಲ್ ಎಳೆಯಬೇಕು. ಫಿಲ್ಟರ್ ಕಟ್ಟಿಕೊಂಡಷ್ಟೂ ಎಳೆತ ಹೆಚ್ಚಿ ಗಾಳಿ ಸೇರುವುದು ಸುಲಭವಾಗುತ್ತದೆ. ಹೀಗಾಗಿ ಇಲ್ಲಿ ಮಾಡುವ ಕೆಲಸ ಬದಲಾವಣೆಯಲ್ಲ, ಹೊಸ ಸೇರ್ಪಡೆ.

ಉನ್ನತೀಕರಣದ ಅಂಗಗಳು

ಪಂಪ್ ಮಾತ್ರ ದೊಡ್ಡದಾದರೆ ಫಲ ಅರ್ಧ. ಟ್ಯಾಂಕಿನ ಹೀರುಕೊಳವೆ ಕಿರಿದಾಗಿದ್ದರೆ ದೊಡ್ಡ ಪಂಪ್ ಇನ್ನಷ್ಟು ಜೋರಾಗಿ ಎಳೆದು ಇನ್ನಷ್ಟು ಗುಳ್ಳೆ ಎಬ್ಬಿಸುತ್ತದೆ. ಆದ್ದರಿಂದ ಟ್ಯಾಂಕಿನಲ್ಲಿ ಅಗಲವಾದ ಹೊಸ ಹೀರುಕೊಳವೆ ಇಡುತ್ತಾರೆ, ಇಲ್ಲವೇ ಟ್ಯಾಂಕಿನ ತಳ ಕೊರೆದು ಸಂಪ್ ಕೂಡಿಸುತ್ತಾರೆ. ತಪ್ಪಾದ ಎತ್ತರಕ್ಕೆ ಕತ್ತರಿಸಿದ ಹೀರುಕೊಳವೆಯಿಂದ, ಡೀಸೆಲ್ ಕಾಲು ಟ್ಯಾಂಕಿಗೆ ಇಳಿದಾಗ ತಿರುವು ಮತ್ತು ಏರುಗಳಲ್ಲಿ ಗಾಳಿ ಸೇರುವ ದೂರು ಸಾಮಾನ್ಯ. ಸಂಪ್ ಈ ದೂರನ್ನು ತಪ್ಪಿಸುತ್ತದೆ, ಆದರೆ ಟ್ಯಾಂಕಿನ ಅತ್ಯಂತ ತಗ್ಗಿನ ಭಾಗವಾಗಿ ಕಲ್ಲೇಟಿಗೆ ಒಡ್ಡಿಕೊಳ್ಳುತ್ತದೆ, ತಳದ ನೀರು ಮತ್ತು ಕೆಸರೂ ಅಲ್ಲೇ ಸೇರುತ್ತವೆ.

ಕೊಳವೆಗಳನ್ನು ಒಳವ್ಯಾಸ ಅರ್ಧ ಇಂಚಿನವರೆಗೆ ಹಿಗ್ಗಿಸುವುದು, ಬ್ಯಾಂಜೋ ಜೋಡಣೆಗಳ ಬದಲು ಪೂರ್ತಿ ತೆರೆದ ಜೋಡಣೆ ಹಾಕುವುದು ಮುಂದಿನ ಕೆಲಸ. ಗ್ಯಾಲ್ವನೈಸ್ ಮಾಡಿದ ಪೈಪನ್ನು ಡೀಸೆಲ್ಲಿಗೆ ಬಳಸಬಾರದು. ಸತುವು ಡೀಸೆಲ್ಲಿನ ಅಂಶಗಳೊಂದಿಗೆ ಸೇರಿ ಸಾಬೂನಿನಂಥ ಅಂಟು ಉಂಟಾಗುತ್ತದೆ. ಬಯೋಡೀಸೆಲ್ ಬೆರೆತ ಇಂಧನದಲ್ಲಿ ಹಳೆಯ ಸಾಮಾನ್ಯ ರಬ್ಬರ್ ಹೋಸುಗಳು ಉಬ್ಬಿ ಮೆತ್ತಗಾಗುತ್ತವೆ, ಅದಕ್ಕೆ ತಕ್ಕ ವಸ್ತುವಿನ ಹೋಸು ಬೇಕು. ಜೋಡಣೆಯ ತಿರುಪಿನ ಎಳೆಗಳಿಗೆ ಸುತ್ತುವ ಟೆಫ್ಲಾನ್ ಟೇಪಿನ ಚೂರೊಂದು ಕಳಚಿ ಹೋದರೆ ಇಂಜೆಕ್ಷನ್ ಪಂಪಿನಲ್ಲಿ ಸಿಕ್ಕಿಕೊಳ್ಳಬಹುದು, ಹಾಗಾಗಿ ದ್ರವರೂಪದ ಸೀಲೆಂಟ್ ಮೇಲು.

ಅನೇಕ ಕಿಟ್‌ಗಳು ನೀರು ಬೇರ್ಪಡಿಸುವ ಫಿಲ್ಟರನ್ನೂ ಸೂಕ್ಷ್ಮ ಕಣಗಳನ್ನು ಹಿಡಿಯುವ ಇನ್ನೊಂದು ಫಿಲ್ಟರನ್ನೂ ಒಟ್ಟಿಗೆ ಹೊತ್ತಿರುತ್ತವೆ. ಡೀಸೆಲ್ಲಿನಲ್ಲಿ ಬೆರೆತ ಗಾಳಿಯನ್ನೂ ಆವಿಯನ್ನೂ ಹೆಚ್ಚುವರಿ ಹರಿವಿನ ಜೊತೆ ಟ್ಯಾಂಕಿಗೆ ಮರಳಿಸುವ ಏರ್ಪಾಡು ಇವುಗಳ ವಿಶೇಷ. ಅದಕ್ಕಾಗಿ ಟ್ಯಾಂಕಿಗೆ ಇನ್ನೊಂದು ಮರುಕೊಳವೆ ಬೇಕಾಗುತ್ತದೆ.

ವಿದ್ಯುತ್ ಜೋಡಣೆಯಲ್ಲಿ ಒಂದು ತಪ್ಪು ದುಬಾರಿಯಾಗುತ್ತದೆ. 24 ವಾಲ್ವ್ ಕಮಿನ್ಸ್ ಟ್ರಕ್ಕಿನಲ್ಲಿ ಮೂಲ ಲಿಫ್ಟ್ ಪಂಪಿಗೆ ವಿದ್ಯುತ್ತು ಕೊಡುವುದು ಎಂಜಿನ್ ಕಂಪ್ಯೂಟರ್. ಹೆಚ್ಚು ಆಂಪಿಯರ್ ಎಳೆಯುವ ದೊಡ್ಡ ಪಂಪನ್ನು ಅದೇ ತಂತಿಗೆ ಸಿಕ್ಕಿಸಿದರೆ ಕಂಪ್ಯೂಟರೇ ಸುಡಬಹುದು. ಬ್ಯಾಟರಿಯಿಂದ ಫ್ಯೂಸ್ ಮೂಲಕ ನೇರ ತಂತಿ ಎಳೆದು, ಹಳೆಯ ತಂತಿಯನ್ನು ರಿಲೇಯನ್ನು ಚಾಲೂ ಮಾಡಲು ಮಾತ್ರ ಬಳಸುವುದು ಕ್ರಮ. ಹೀಗೆ ಮಾಡಿದಾಗ ಎಂಜಿನ್ ನಿಂತೊಡನೆ ಕಂಪ್ಯೂಟರ್ ಪಂಪನ್ನೂ ನಿಲ್ಲಿಸುವ ಸುರಕ್ಷತೆ ಉಳಿಯುತ್ತದೆ. ಬರೀ ಕೀಲಿಗೆ ಸಿಕ್ಕಿಸಿದ ಪಂಪ್ ಅಪಘಾತದಲ್ಲಿ ಕೊಳವೆ ತುಂಡಾದ ಮೇಲೂ ಡೀಸೆಲ್ ಸುರಿಸುತ್ತಲೇ ಇರುತ್ತದೆ.

ಒತ್ತಡದ ಅಳತೆ

ಇಡೀ ಉನ್ನತೀಕರಣದಲ್ಲಿ ಗೇಜಿನಷ್ಟು ಬೆಲೆಬಾಳುವ ಭಾಗ ಇನ್ನೊಂದಿಲ್ಲ. ಪಂಪ್ ಬದಲಿಸದೆ ಗೇಜ್ ಮಾತ್ರ ಹಾಕಿದ ಟ್ರಕ್, ಗೇಜಿಲ್ಲದೆ ದೊಡ್ಡ ಪಂಪ್ ಹಾಕಿದ ಟ್ರಕ್ಕಿಗಿಂತ ಹೆಚ್ಚು ಸುರಕ್ಷಿತ. ಗೇಜಿನ ಸಂಪರ್ಕ ಫಿಲ್ಟರ್ ದಾಟಿದ ಮೇಲೆ, ಇಂಜೆಕ್ಷನ್ ಪಂಪಿಗೆ ಹತ್ತಿರವಿರಬೇಕು. ಫಿಲ್ಟರಿಗೂ ಮೊದಲು ಅಳೆದರೆ ಕಟ್ಟಿಕೊಂಡ ಫಿಲ್ಟರ್ ಒತ್ತಡವನ್ನು ಏರಿಸಿ ತೋರಿಸುತ್ತದೆ, ಇಂಜೆಕ್ಷನ್ ಪಂಪ್ ಮಾತ್ರ ಹಸಿದಿರುತ್ತದೆ.

ಗಾಡಿ ನಿಂತು ಎಂಜಿನ್ ಮೆಲ್ಲಗೆ ತಿರುಗುವಾಗಿನ ಅಂಕಿಯಿಂದ ಏನನ್ನೂ ನಿರ್ಧರಿಸಲಾಗದು. ಸೊರಗಿದ ಪಂಪೂ ಆಗ ಒಳ್ಳೆಯ ಒತ್ತಡ ತೋರಿಸುತ್ತದೆ. ನಿಜ ತಿಳಿಯುವುದು ಭಾರ ಹೊತ್ತು ಏರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ. ನಿಂತಾಗಿನ ಮತ್ತು ಭಾರದ ಅಂಕಿಗಳ ನಡುವಿನ ಇಳಿತ ಹೊಸದರಲ್ಲಿ ಎಷ್ಟಿತ್ತು, ಈಗ ಎಷ್ಟಿದೆ ಎಂಬ ಹೋಲಿಕೆ ಫಿಲ್ಟರ್ ಮತ್ತು ಪಂಪಿನ ಆರೋಗ್ಯವನ್ನು ಹೇಳುತ್ತದೆ.

ಇಂಜೆಕ್ಷನ್ ಪಂಪಿನಿಂದ ಮರಳುವ ಒತ್ತಡದ ಬಡಿತಗಳು ಗೇಜಿನ ಸೆನ್ಸರನ್ನು ಬೇಗ ಕೆಡಿಸುತ್ತವೆ. ಅವನ್ನು ತಗ್ಗಿಸಲು ನಡುವೆ ಸೂಜಿ ವಾಲ್ವ್ ಮತ್ತು ಒಂದಿಷ್ಟು ಹೋಸು ಇಡುತ್ತಾರೆ. ಡೀಸೆಲ್ ತುಂಬಿದ ಯಾಂತ್ರಿಕ ಗೇಜಿನ ಕೊಳವೆಯನ್ನು ಕ್ಯಾಬಿನ್ನಿನೊಳಕ್ಕೆ ನೇರವಾಗಿ ತರುವುದು ಅಪಾಯಕರ. ಒಂದೋ ವಿದ್ಯುತ್ ಸೆನ್ಸರ್, ಇಲ್ಲವೇ ಡೀಸೆಲನ್ನು ಹೊರಗೇ ತಡೆಯುವ ಐಸೊಲೇಟರ್ ಬೇಕು. ಗಾಳಿ ಸೇರುತ್ತಿದೆಯೇ ಎಂದು ನೋಡಲು ಕೊಳವೆಯ ಒಂದು ತುಂಡಿಗೆ ತಾತ್ಕಾಲಿಕವಾಗಿ ಪಾರದರ್ಶಕ ಹೋಸು ಸೇರಿಸುತ್ತಾರೆ. ಗುಳ್ಳೆಗಳು ಕಣ್ಣಿಗೇ ಕಾಣುತ್ತವೆ.

ಉಪಯೋಗ ಮತ್ತು ಮಿತಿ

ಉನ್ನತೀಕರಣದ ಮೊದಲ ಉಪಯೋಗ ಇಂಜೆಕ್ಷನ್ ಪಂಪಿನ ರಕ್ಷಣೆ. ಶಕ್ತಿ ಏರಿಸಿದ ಎಂಜಿನ್‌ಗಳಲ್ಲಿ ಭಾರದ ವೇಳೆ ಡೀಸೆಲ್ ಸಾಲದೆ ಹೋಗುವುದು ತಪ್ಪುತ್ತದೆ. ಕಾಮನ್ ರೈಲ್ ಎಂಜಿನ್‌ಗಳಲ್ಲಿ ರೈಲ್ ಒತ್ತಡ ಕುಸಿದು ಪಿ0087 ಸಂಕೇತ ಬರುವುದಕ್ಕೆ ಪೂರೈಕೆಯ ಕೊರತೆ ಒಂದು ಪ್ರಮುಖ ಕಾರಣ. ಶೋಧನೆ ಸುಧಾರಿಸುವುದು ಇನ್ನೊಂದು ಲಾಭ. ಅಮೆರಿಕದಲ್ಲಿ 2006ರಿಂದ ಗಂಧಕವನ್ನು ಹತ್ತು ಲಕ್ಷಕ್ಕೆ 15 ಅಂಶಕ್ಕೆ ಇಳಿಸಿದ ಡೀಸೆಲ್ ಬಂದಾಗ ಹಳೆಯ ಪಂಪುಗಳ ಜಾರುಗುಣದ ಚಿಂತೆ ಹೆಚ್ಚಿತು. ಗಂಧಕ ತೆಗೆಯುವ ಸಂಸ್ಕರಣೆಯಲ್ಲಿ ಡೀಸೆಲ್ಲಿನ ಸಹಜ ಜಾರುಗುಣವೂ ಕುಗ್ಗುತ್ತದೆ. ಕಂಪನಿಗಳು ಅದಕ್ಕೆ ಪೂರಕ ಬೆರೆಸುತ್ತವೆ. ಲಿಫ್ಟ್ ಪಂಪ್ ಈ ಗುಣವನ್ನು ಹೆಚ್ಚಿಸಲಾರದು, ಹರಿವನ್ನು ಮಾತ್ರ ಖಾತರಿಪಡಿಸಬಲ್ಲದು.

ಸವೆದ ಇಂಜೆಕ್ಷನ್ ಪಂಪ್ ಹೊಸ ಲಿಫ್ಟ್ ಪಂಪಿನಿಂದ ಸರಿಹೋಗುವುದಿಲ್ಲ. ಮೂಲ ಸ್ಥಿತಿಯ ಎಂಜಿನ್ನಿನ ಅಶ್ವಶಕ್ತಿಯೂ ಇದರಿಂದ ಏರದು, ಮೈಲೇಜು ಕೂಡ. ಅತಿ ಹೆಚ್ಚಿನ ಒತ್ತಡ ರೋಟರಿ ಪಂಪಿನ ಸೀಲುಗಳಿಗೆ ಕೆಡುಕು. ಅಗತ್ಯಕ್ಕಿಂತ ಬಹಳ ದೊಡ್ಡ ಪಂಪ್ ಟ್ಯಾಂಕಿನ ಡೀಸೆಲನ್ನು ಸುಮ್ಮನೆ ಸುತ್ತಿಸಿ ಬಿಸಿ ಮಾಡುತ್ತದೆ.

ಭಾರತದಲ್ಲಿ

ಭಾರತದ ಹಳೆಯ ಟ್ರಕ್‌ಗಳಲ್ಲಿ ಇದೇ ಸ್ಥಾನದಲ್ಲಿರುವುದು ಇನ್‌ಲೈನ್ ಪಂಪಿನ ಪಕ್ಕಕ್ಕೆ ಕೂತ ಫೀಡ್ ಪಂಪ್. 1951ರಲ್ಲಿ ಸ್ಥಾಪನೆಯಾಗಿ ಬೆಂಗಳೂರಿನ ಆಡುಗೋಡಿಯಲ್ಲಿ ಬೆಳೆದ ಮೈಕೋ ಕಾರ್ಖಾನೆ ಈ ಪಂಪುಗಳನ್ನು ದೇಶಕ್ಕೆಲ್ಲ ಒದಗಿಸಿತು. ಕಂಪನಿಯ ಹೆಸರು 2008ರಲ್ಲಿ ಬಾಷ್ ಲಿಮಿಟೆಡ್ ಎಂದಾಯಿತು. ಇಂದಿಗೂ ಗ್ಯಾರೇಜುಗಳಲ್ಲಿ ‘ಮೈಕೋ ಪಂಪ್’ ಎಂದೇ ಕೇಳುತ್ತಾರೆ. ಅಮೆರಿಕದ ರಾಮ್ ಟ್ರಕ್ಕಿನಲ್ಲಿದ್ದ ಕಮಿನ್ಸ್ ಬಿ ಸರಣಿಯ 5.9 ಲೀಟರ್ ಎಂಜಿನ್ನಿಗೆ ಇಲ್ಲೂ ಒಂದು ಕವಲಿದೆ. 1993ರಲ್ಲಿ ಜಮ್‌ಶೆಡ್‌ಪುರದಲ್ಲಿ ಆರಂಭವಾದ ಟಾಟಾ ಕಮಿನ್ಸ್ ಅದನ್ನು ಟಾಟಾ ಟ್ರಕ್‌ಗಳಿಗಾಗಿ ತಯಾರಿಸಿತು.

ಫೀಡ್ ಪಂಪಿನ ತಲೆಯ ಮೇಲೆ ತಿರುಪಿ ಮೇಲೆತ್ತುವ ಹ್ಯಾಂಡ್ ಪ್ರೈಮರ್, ಕೆಳಗೆ ಜಾಲರಿ ಇರುವ ಬಟ್ಟಲು ಇರುತ್ತದೆ. ಡೀಸೆಲ್ ಮುಗಿದು ಏರ್ ಹಿಡಿದರೆ ಫಿಲ್ಟರಿನ ಮೇಲಿನ ಬ್ಲೀಡ್ ಸ್ಕ್ರೂ ಸಡಿಲಿಸಿ, ನೊರೆ ನಿಂತು ಬರೀ ಡೀಸೆಲ್ ಬರುವವರೆಗೆ ಈ ಪ್ರೈಮರನ್ನು ಒತ್ತುತ್ತಾರೆ. ಫೀಡ್ ಪಂಪಿನ ಒತ್ತಡ ಸಾಮಾನ್ಯವಾಗಿ 1ರಿಂದ 1.5 ಬಾರ್. ಇಲ್ಲಿ ದೊಡ್ಡ ವಿದ್ಯುತ್ ಪಂಪ್ ಕೂಡಿಸುವ ರೂಢಿ ಬೆಳೆಯದಿರುವುದಕ್ಕೆ ಕಾರಣಗಳು ಸ್ಪಷ್ಟ. ಇನ್‌ಲೈನ್ ಪಂಪಿಗೆ ಆಯಿಲಿನ ರಕ್ಷಣೆಯಿದೆ. ಫೀಡ್ ಪಂಪಿನ ಸ್ಪ್ರಿಂಗ್, ವಾಲ್ವ್, ಪ್ಲಂಜರ್, ವಾಷರುಗಳ ರಿಪೇರಿ ಕಿಟ್ ಅಗ್ಗವಾಗಿ ಸಿಗುತ್ತದೆ. ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ತಯಾರಕರ ನಮೂದಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. ಅಮೆರಿಕನ್ ಪಿಕಪ್‌ಗಳ ಕಿಟ್‌ಗಳು 12 ವೋಲ್ಟಿನವು; ಇಲ್ಲಿನ ಅನೇಕ ಭಾರಿ ಟ್ರಕ್‌ಗಳು 24 ವೋಲ್ಟಿನವು.

ಇಂದಿನ ಸ್ಥಿತಿ

2020ರ ಏಪ್ರಿಲ್ 1ರಿಂದ ಬಿಎಸ್–6 ಜಾರಿಯಾದ ಮೇಲೆ ಭಾರತದಲ್ಲಿ ಹೊಸ ಟ್ರಕ್‌ಗಳು ಕಾಮನ್ ರೈಲ್ ಎಂಜಿನ್ನಿನವು. ಹಳೆಯ ಫೀಡ್ ಪಂಪಿನ ಕೆಲಸ ಈಗ ಉಳಿದಿರುವುದು ಹಿಂದಿನ ಟ್ರಕ್, ಟ್ರ್ಯಾಕ್ಟರ್, ಜನರೇಟರುಗಳಲ್ಲಿ. ಅಮೆರಿಕದಲ್ಲಿ ವಿಪಿ44 ಟ್ರಕ್‌ಗಳಿಗೆ ಬಿಡಿಭಾಗ ಮತ್ತು ಕಿಟ್‌ಗಳ ವ್ಯಾಪಾರ ಮುಂದುವರಿದಿದೆ.

ಡೀಸೆಲ್ಲಿನಿಂದಲೇ ಜಾರುಗುಣ ಪಡೆಯುವ ಸಿಪಿ4 ಕಾಮನ್ ರೈಲ್ ಪಂಪುಗಳು ಒಳಗೇ ಸವೆದು, ಲೋಹದ ಚೂರುಗಳನ್ನು ಇಡೀ ಇಂಧನ ವ್ಯವಸ್ಥೆಗೆ ಹರಡಿದ ಪ್ರಕರಣಗಳು ಪೂರೈಕೆ ಒತ್ತಡದ ಪ್ರಶ್ನೆಯನ್ನು ಹೊಸ ಟ್ರಕ್‌ಗಳಿಗೂ ತಂದಿವೆ. 2019 ಮತ್ತು 2020ರ ರಾಮ್ 6.7 ಲೀಟರ್ ಎಂಜಿನ್ನಿನಲ್ಲಿ ಬಳಸಿದ ಸಿಪಿ4 ಪಂಪನ್ನು ಬಿಟ್ಟು 2021ರಲ್ಲಿ ಮತ್ತೆ ಸಿಪಿ3 ಪಂಪಿಗೆ ಮರಳಲಾಯಿತು. 2001ರಿಂದ 2016ರವರೆಗೆ ಲಿಫ್ಟ್ ಪಂಪಿಲ್ಲದೆ ಬಂದ ಡ್ಯುರಾಮ್ಯಾಕ್ಸ್ ಪಿಕಪ್ ಟ್ರಕ್‌ಗಳಿಗೆ 2017ರ ಎಲ್5ಪಿ ಎಂಜಿನ್ನಿನಿಂದ ಟ್ಯಾಂಕಿನೊಳಗಿನ ವಿದ್ಯುತ್ ಲಿಫ್ಟ್ ಪಂಪನ್ನು ಕಾರ್ಖಾನೆಯಲ್ಲೇ ಕೂಡಿಸಲಾಗುತ್ತಿದೆ.